ತಮ್ಮ ಭಾಷೆಯಲ್ಲಿ

ಪ್ರಾಂತ್ಯದ ಸದಸ್ಯರು ಎದ್ದು ನಿಂತು ತಮ್ಮ ಭಾಷೆಯಲ್ಲಿ "ಮಾನ್ಯ ಅಧ್ಯಕ್ಷರೇ" ಎಂದರು. ಗಾಜಿನ ಗೂಡಿನೊಳಗೆ ಅವಳು ಮೈಕಿನ ಗುಂಡಿ ಒತ್ತಿ ಅದನ್ನೇ ರಾಜಧಾನಿಯ ಭಾಷೆಯಲ್ಲಿ ಹೇಳಿದಳು. ಕೆಳಗೆ ಸಭೆಯವರು ಹೆಡ್‌ಫೋನ್ ಏರಿಸಿಕೊಂಡರು.

ಆ ಭಾಷೆಗೆ ಅನುವಾದದ ಗೂಡು ಸಿಕ್ಕಿದ್ದೇ ಈ ವರ್ಷ. ಮೊದಲು ಪ್ರಾಂತ್ಯದಿಂದ ಐವರು ಸದಸ್ಯರು ಬರುತ್ತಿದ್ದರು, ಆಮೇಲೆ ಮೂವರು, ಗಣಿಗಳು ಒಂದೊಂದಾಗಿ ನಿಂತು ಜನ ಗುಳೆ ಹೋದ ಮೇಲೆ ಒಬ್ಬರೇ. ಯಾರು ಎಷ್ಟು ಗಂಟಲು ಹರಿದುಕೊಂಡರೂ ನಡಾವಳಿಯಲ್ಲಿ ಅಚ್ಚಾಗುತ್ತಿದ್ದದ್ದು ಒಂದೇ ಸಾಲು: 'ಸದಸ್ಯರು ತಮ್ಮ ಭಾಷೆಯಲ್ಲಿ ಮಾತನಾಡಿದರು.' ಅವಳ ಅಪ್ಪ ಆ ಸಾಲಿನ ವಿರುದ್ಧ ಬೀದಿಗಿಳಿದು ಪೊಲೀಸರ ಏಟು ತಿಂದವರು. ಅವಳಿಗೆ ಈ ಕೆಲಸ ಸಿಕ್ಕಾಗ ಗಂಡ ನಕ್ಕಿದ್ದ: "ಸದ್ಯ, ಇನ್ಮೇಲೆ ನಿನ್ನ ಮಾತು ದೇಶವೇ ಕೇಳಲಿ. ನಾನೊಬ್ಬನೇ ಕೇಳಿ ಸಾಕಾಗಿತ್ತು."

ಗಂಡ ಗಣಿಯ ಇಂಜಿನಿಯರ್. ಕಳೆದ ತಿಂಗಳು ಸುರಂಗ ಕುಸಿದು, ಹನ್ನೊಂದು ಜನರ ಜೊತೆ ಒಳಗೇ ಉಳಿದ. ಹೆಣಗಳನ್ನು ಹೊರತೆಗೆಯುವುದೋ, ಸುರಂಗದ ಬಾಯಿಗೆ ಕಾಂಕ್ರೀಟ್ ಸುರಿಯುವುದೋ ಎಂಬುದು ಇವತ್ತಿನ ಚರ್ಚೆ. ಪಕ್ಕದ ಕುರ್ಚಿಯ ಹಿರಿಯ ಅನುವಾದಕಿ ಬೆಳಿಗ್ಗೆಯೇ ತಾನು ಮಾಡುತ್ತೇನೆಂದಿದ್ದರು. ಅವಳು ಬಿಟ್ಟುಕೊಡಲಿಲ್ಲ. ತೆಗೆಯಿರಿ ಎಂದು ನಮ್ಮವರು ಕೇಳುವಾಗ ಅದು ನನ್ನ ಬಾಯಲ್ಲೇ ಬರಲಿ ಅಕ್ಕ, ಎಂದಿದ್ದಳು.

ಸದಸ್ಯರ ದನಿ ಗದ್ಗದವಾಯಿತು. ಅನುವಾದಕರು 'ಅವರು' ಎನ್ನುವಂತಿಲ್ಲ. ಸದಸ್ಯರ 'ನಾನು' ಇವರ ಬಾಯಲ್ಲೂ 'ನಾನು'.

"ನಾನು ಎಲ್ಲ ಮನೆಗೂ ಹೋಗಿದ್ದೆ," ಎಂದಳು. ಅವಳ ಬಾಗಿಲಿಗೆ ಯಾರೂ ಬಂದಿರಲಿಲ್ಲ. "ಎಲ್ಲರ ಕಣ್ಣೀರು ಒರೆಸಿದೆ."

"ಎಲ್ಲರೂ ಒಪ್ಪಿದ್ದಾರೆ," ಎಂದರು ಸದಸ್ಯರು. "ಮುಚ್ಚಿಬಿಡಿ."

ರೇಡಿಯೋದಲ್ಲಿ ಊರು ಕೇಳುತ್ತಿತ್ತು. ಪಕ್ಕದ ಮನೆಯವರು ಒಪ್ಪಿರಬೇಕು ಎಂದು ಪ್ರತಿ ಮನೆಯವರೂ ಅಂದುಕೊಳ್ಳುತ್ತಾರೆ.

ಅವಳ ಬೆರಳು ಗುಂಡಿಯನ್ನು ಬಿಟ್ಟಿತು. ಕೆಳಗೆ ಒಬ್ಬೊಬ್ಬರಾಗಿ ಹೆಡ್‌ಫೋನ್ ತಟ್ಟಿ ನೋಡಿದರು, ಆಮೇಲೆ ತೆಗೆದಿಟ್ಟರು.

"ಹೇಳೇ," ಅಕ್ಕ ಪಿಸುಗುಟ್ಟಿದರು. "ಕೆಲಸ ಹೋಗುತ್ತೆ ಕಣೆ."

"ನಾನು ಒಪ್ಪಿಲ್ಲಕ್ಕ."

ಅಕ್ಕ ತಮ್ಮ ಮೈಕಿನತ್ತ ಕೈ ಚಾಚಿದರು. ಅಲ್ಲೇ ಸ್ವಲ್ಪ ಹೊತ್ತು ಹಿಡಿದು, ವಾಪಸು ಮಡಿಲಲ್ಲಿಟ್ಟುಕೊಂಡರು.

ಸದಸ್ಯರು ಕೇಳಿದ್ದೇನೆಂದು ಯಾರಿಗೂ ಅರ್ಥವಾಗದಿದ್ದರೂ ಮತಕ್ಕೆ ಹಾಕಿದಾಗ ಕೈಗಳು ಎದ್ದವು. ಮುಚ್ಚುವುದೆಂದು ತೀರ್ಮಾನವಾಯಿತು. ಸಂಜೆ ಅಚ್ಚಾಗಿ ಬಂದ ನಡಾವಳಿಯಲ್ಲಿ ಮನೆಮನೆಗೆ ಹೋದದ್ದಿತ್ತು, ಕಣ್ಣೀರು ಒರೆಸಿದ್ದಿತ್ತು. ಅದರ ಕೆಳಗೆ: 'ಮುಂದೆ ಸದಸ್ಯರು ತಮ್ಮ ಭಾಷೆಯಲ್ಲಿ ಮಾತನಾಡಿದರು.'