ಸೊನ್ನೆಯ ಬಣ್ಣ

ಗುಲಾಬಿ ಹಸಿರಾಗಿ ಅರಳಿತ್ತು, ಎಲೆಗಳು ನೀಲಿ. ಎಂಬ್ರಾಯ್ಡರಿ ಮೆಷಿನ್ ಮಾತ್ರ ಏನೂ ಅರಿಯದವರ ಹಾಗೆ ಟಕಟಕ ಅನ್ನುತ್ತಲೇ ಇತ್ತು. ದಾರ ತರಲು ಹೋಗಿದ್ದ ಹೊಸ ಹುಡುಗಿ ಓಡಿಬಂದು ನಿಲ್ಲಿಸುವಷ್ಟರಲ್ಲಿ ಮಗುವಿನ ಬಿಳಿ ಕೋಟಿನ ಬೆನ್ನು ತುಂಬಿಹೋಗಿತ್ತು.

"ಅಯ್ಯೋ ನಮ್ಮಮ್ಮಾ, ಹಸಿರು ಗುಲಾಬಿ! ಯಾವ ತೋಟದ್ದೇ ಇದು?" ಪಕ್ಕದ ಮೆಷಿನ್ ನಡೆಸುವ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು.

ಹುಡುಗಿಗೆ ನಗು ಬರಲಿಲ್ಲ. ಹಿಂದಿನ ಅಂಗಡಿಯಲ್ಲಿ ಒಂದು ಅಂಗಿ ಕೆಡಿಸಿದ್ದಕ್ಕೆ ಸಂಜೆಯೇ ಮನೆಗೆ ಕಳಿಸಿದ್ದರು. ಶಾಲೆ ಬಿಟ್ಟವಳಿಗೆ ಇಂಥ ಕೆಲಸ ಇನ್ನೊಂದು ಸಿಗುವುದು ಅಷ್ಟರಲ್ಲೇ ಇತ್ತು. ಮೆಷಿನ್‌ಗೆ ತಾನು ಬರೆದುಕೊಟ್ಟದ್ದನ್ನು ಮತ್ತೆ ಮತ್ತೆ ಓದಿದಳು. ಹೂವಿಗೆ ಒಂದನೇ ಬಣ್ಣ, ಕೆಂಪು. ಎಲೆಗೆ ಎರಡನೇದು, ಹಸಿರು. ತಪ್ಪೇ ಕಾಣಲಿಲ್ಲ. ಕಾಣದಿರುವುದೂ ತನ್ನದೇ ತಪ್ಪಿರಬೇಕು ಅನ್ನಿಸಿತು.

ಒಳಕೋಣೆಯಿಂದ ಯಜಮಾನಿ ಬಂದರು. ಮೆಷಿನ್‌ಗೆ ಕೆಲಸ ಹೇಳುವ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದವರು ಅವರೇ.

"ನನ್ನಿಂದ ತಪ್ಪಾಯ್ತು ಮೇಡಂ."

ಅವರು ಪರದೆ ನೋಡಿ ಹಣೆ ಚಚ್ಚಿಕೊಂಡರು. "ನಿನ್ನದಲ್ಲ ಕಣೇ, ನನ್ನದು. ಈ ಭಾಷೆ ಹೊಲಿಗೆಯ ಸಾಲನ್ನು ಒಂದರಿಂದ ಎಣಿಸುತ್ತೆ, ಬಣ್ಣವನ್ನು ಸೊನ್ನೆಯಿಂದ. ನೀನು ಒಂದು ಅಂದ್ರೆ ಅದು ಎರಡನೇ ದಾರ ಎಳ್ಕೊಳ್ಳುತ್ತೆ. ಸಾಲಿನ ಭಾಗ ಬರೆಯೋವಾಗ ಮಗಳು ಹೊಟ್ಟೇಲಿದ್ಲು. ಬಣ್ಣಕ್ಕೆ ಬರೋಷ್ಟರಲ್ಲಿ ತೊಡೆ ಮೇಲೆ ಮಲಗಿ ಕಿರುಚ್ತಿದ್ಲು. ಮೊದಲು ಹೇಗೆ ಎಣಿಸಿದ್ದೆ ಅಂತ ಯಾರಿಗೆ ನೆನಪಿರುತ್ತೆ?"

"ನಾನು ಬಂದ ಹೊಸದರಲ್ಲಿ ಕುದುರೆಗೆ ನೀಲಿ ಬಾಲ ಹಾಕಿದ್ದೆ," ಅಂದಳು ಅಕ್ಕ. "ಕೊಂಡವರು ಅಂಥದ್ದೇ ಇನ್ನೊಂದು ಬೇಕು ಅಂತ ಬಂದಿದ್ರು!"

"ಅದನ್ನ ಸರಿ ಮಾಡೋಕಾಗಲ್ವಾ ಮೇಡಂ?" ಹುಡುಗಿ ಮೆಲ್ಲಗೆ ಕೇಳಿದಳು.

"ಮಾಡಿದ್ರೆ ಹಳೇ ಡಿಸೈನ್‌ಗಳ ಬಣ್ಣವೆಲ್ಲ ಅದಲುಬದಲಾಗುತ್ತೆ. ಪಾಪ, ಅವು ನನ್ನ ತಪ್ಪನ್ನೇ ನಂಬಿಕೊಂಡು ಕೂತಿವೆ."

ಯಜಮಾನಿ ಗಿರಾಕಿಗೆ ಫೋನ್ ಮಾಡಿದರು. "ಕೋಟು ನಾಳೆ ಕೊಡ್ತೀನಿ, ಹೊಸ ಬಟ್ಟೇಲೇ ಮಾಡಿಸ್ತೀನಿ. ಇಲ್ಲ ಇಲ್ಲ, ಹುಡುಗೀರದ್ದಲ್ಲ, ತಪ್ಪು ನನ್ನದೇ."

ದೊಡ್ಡವರೊಬ್ಬರು ತಪ್ಪನ್ನು ತನ್ನ ತಲೆಯಿಂದಿಳಿಸಿ ತಮ್ಮ ಹೆಗಲಿಗೆ ಹಾಕಿಕೊಂಡದ್ದನ್ನು ಹುಡುಗಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಬಾ ಇಲ್ಲಿ," ಯಜಮಾನಿ ಕೀಬೋರ್ಡನ್ನು ಅವಳ ಕಡೆ ಸರಿಸಿದರು. "ಇನ್ಮೇಲೆ ಹೊಸಬರು ಯಾರೇ ಕೂತರೂ ಮೆಷಿನ್ನೇ ಮುಂಚೆ ಎಚ್ಚರಿಸಲಿ. ಪರದೆ ಮೇಲೆ ಏನು ಬರಬೇಕೋ ನೀನೇ ಬರಿ."

ಹುಡುಗಿ ತುಂಬ ಹೊತ್ತು ಯೋಚಿಸಿದಳು. ಸೊನ್ನೆಯ ವಿಷಯವನ್ನು ಎರಡನೇ ಸಾಲಿಗೆ ಇಟ್ಟುಕೊಂಡಳು. ಮೊದಲ ಸಾಲಿನಲ್ಲಿ ಬರೆದಳು:

"ಹೆದರಬೇಡ."