ನೀರು ಮುಟ್ಟದ ಮೋಟರು

ನಾಹೀದಾ ಮೊದಲು ಎಂಜಿನ್ನಿನ ಮೇಲೆ ಅಂಗೈ ಇಟ್ಟು ನೋಡಿದಳು. ತಣ್ಣಗಿತ್ತು. ಗಿರಾಕಿ ಬರುವ ಮೊದಲೇ ಮಾರುವವರು ಒಮ್ಮೆ ಚಾಲೂ ಮಾಡಿ ಬಿಸಿ ಮಾಡಿಟ್ಟಿರುತ್ತಾರೆ, ಆಗ ಹಳೆ ಮೋಟರಿನ ಮೊಂಡಾಟ ಗೊತ್ತಾಗುವುದಿಲ್ಲ ಎಂದು ಅವಳು ಮೊಬೈಲಿನಲ್ಲಿ ನೋಡಿ ತಿಳಿದುಕೊಂಡಿದ್ದಳು. ಇಲ್ಲಿ ಆ ಮೋಸ ಇರಲಿಲ್ಲ. ಕುಷ್ಟಗಿಯ ಪೈಪಿನ ಅಂಗಡಿಯ ಹಿಂದೆ, ದಾಳಿಂಬೆ ತುಂಬುವ ಕ್ರೇಟುಗಳ ನಡುವೆ, ದೋಣಿಯ ಮೋಟರು ಕಟ್ಟಿಗೆಯ ಸ್ಟ್ಯಾಂಡಿಗೆ ಬಿಗಿಸಿಕೊಂಡು ನಿಂತಿತ್ತು.

"ಮೊಬೈಲ್‌ನ್ಯಾಗ ಹಾಕಿದ್ದ ಫೋಟೋದಾಗ ಇದ್ದಂಗ ಐತಿಲ್ರಿ ಅಕ್ಕಾರ?" ಎಂದ ಅಂಗಡಿಯ ಸಿದ್ದೇಶ.

ನಾಹೀದಾಳ ತಮ್ಮ ತಾಹೇರ ಮೋಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ಆಯಿಲನ್ನು ಬೆರಳಿಗೆ ಇಳಿಸಿಕೊಂಡ. ಒಳಗೆ ನೀರು ಹೊಕ್ಕಿದ್ದರೆ ಅದು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿರಬೇಕು. ಜೇನಿನ ಹಾಗೆ ತಿಳಿಯಾಗಿತ್ತು. ಹೊಳೆಯಲ್ಲಿ ಓಡಿದ ಮೋಟರಿನ ರೆಕ್ಕೆಗಳನ್ನು ಕಲ್ಲುಗಳು ಕಡಿಯದೆ ಬಿಡುವುದಿಲ್ಲ. ಈ ರೆಕ್ಕೆಗಳ ಬಣ್ಣವೂ ಕೆರೆದುಹೋಗಿರಲಿಲ್ಲ.

"ಸೆಕೆಂಡ್ ಹ್ಯಾಂಡ್ ಅಂತ ಹಾಕೀರಿ. ಎಲ್ಲಿ ಓಡ್ಸೀರಿ ಇದನ್ನ?" ತಾಹೇರ ಕೇಳಿದ.

"ಎಲ್ಲಿ ಓಡ್ಸೂದ್ರಿ, ಕುಷ್ಟಗ್ಯಾಗ ಹೊಳಿ ಎಲ್ಲೈತಿ?" ಸಿದ್ದೇಶ ನಕ್ಕ. "ನಮ್ಮ ಮಾವಾರ್ದು. ಅವರು ಗುತ್ತಿಗಿ ಕೆಲಸ ಮಾಡ್ತಾರ. ಯಾವ್ದೋ ಕೆಲಸದಾಗ ಉಳದಿತ್ತಂತ. ಒಮ್ಮಿನೂ ನೀರು ಮುಟ್ಟಿಲ್ರಿ. ಇಂಥಾ ಛಲೋ ಮಾಲ ನಿಮಗ ಎಲ್ಲೂ ಸಿಗಂಗಿಲ್ಲ."

ನೀರು ತುಂಬಿದ ಡ್ರಮ್ಮಿಗೆ ಇಳಿಸಿ ಹಗ್ಗ ಎಳೆದರೆ ಒಂದೇ ಎಳೆತಕ್ಕೆ ಚಾಲೂ ಆಯಿತು. ತಾಹೇರನ ಮುಖ ಅರಳಿತು. ಮಳೆಗಾಲ ಬರುವುದರೊಳಗೆ ಹೊಳೆಯಲ್ಲಿನ ತಮ್ಮ ನಡುಗಡ್ಡೆಯ ದೋಣಿಗೆ ಒಂದು ಮೋಟರು ತರಬೇಕೆಂದು ಊರೆಲ್ಲ ಕೂಡಿ ಇವರಿಬ್ಬರನ್ನು ಕಳಿಸಿತ್ತು. ನಾಹೀದಾ ಮೋಟರನ್ನು ಬಂದ್ ಮಾಡಿ, ಹಿಡಿಕೆಯ ಕೆಳಗೆ ಬಿರುಕು ಇದೆಯೇ ಎಂದು ಬಗ್ಗಿ ನೋಡಿದಳು. ಅಲ್ಲಿ ಹಸಿರು ದಾರ ಕಟ್ಟಿತ್ತು. ದಾರದ ತುದಿಯಲ್ಲಿ ಒಂದು ಕರಿಮಣಿ.

ಆ ಮಣಿ ಅವಳ ತಾಯಿ ಶಾಹಜಾದಬಿಯ ಕೊರಳಿನದು. ಹೋದ ವರ್ಷ ಸರ್ಕಾರ ಕೊಟ್ಟ ದೋಣಿಯನ್ನು, ಮೋಟರು ಚಾಲೂ ಮಾಡದೆ, ಹುಟ್ಟು ಹಾಕಿ ಗಡ್ಡೆಗೆ ತಂದ ದಿನ ಅಧಿಕಾರಿಗಳು ಅದಕ್ಕೆ ಹಾರ ಹಾಕಿ ಫೋಟೋ ತೆಗೆಸಿಕೊಂಡಿದ್ದರು. ದರ್ಗಾದ ದಾರಕ್ಕೆ ತನ್ನ ಸರದ ಮಣಿ ಪೋಣಿಸಿ, ಕೆಟ್ಟ ಕಣ್ಣು ಬೀಳದಿರಲಿ ಎಂದು ಶಾಹಜಾದಬಿ ಮೋಟರಿಗೆ ಕಟ್ಟಿದ್ದಳು. ಸಂಜೆ ದೋಣಿ ಒದಗಿಸಿದ ಗುತ್ತಿಗೆದಾರನ ಜನ ಬಂದು ಸರ್ವೀಸಿಗೆ ಎಂದು ಮೋಟರು ಬಿಚ್ಚಿ ಒಯ್ದರು. ಅದು ತಿರುಗಿ ಬರಲಿಲ್ಲ. ಮಳೆಗಾಲದ ನಡುವೆ ಡ್ಯಾಮಿನ ಗೇಟು ತೆರೆದು ಹೊಳೆ ಉಕ್ಕಿದಾಗ ಶಾಹಜಾದಬಿಗೆ ಎದೆನೋವು ಬಂತು. ತಾಹೇರ ಮತ್ತು ನೆರೆಯವರು ಹುಟ್ಟು ಹಾಕಿದರು, ಸೆಳವು ದೋಣಿಯನ್ನು ಮತ್ತೆ ಮತ್ತೆ ಗಡ್ಡೆಯ ದಂಡೆಗೇ ತಂದು ಒಗೆಯಿತು. ಆಚೆ ದಂಡೆಯಲ್ಲಿ ಆಂಬುಲೆನ್ಸು ನಿಂತಿತ್ತು. ಅದರ ಡ್ರೈವರ್ ಕೈ ಬೀಸಿ ಕರೆಯುತ್ತಿರುವುದೂ ಕಾಣುತ್ತಿತ್ತು. ಅದನ್ನು ನೋಡುತ್ತಲೇ ತಾಯಿ ನಾಹೀದಾಳ ತೊಡೆಯ ಮೇಲೆ ಕಣ್ಣು ಮುಚ್ಚಿದಳು.

"ಯಾರೋ ಪೂಜಿ ಮಾಡಿ ಕಟ್ಟಿರ್ಬೇಕ್ರಿ. ತಡೀರಿ, ಕೊಯ್ದು ಕೊಡ್ತೀನಿ." ಸಿದ್ದೇಶ ಬ್ಲೇಡು ತೆಗೆದ.

ನಾಹೀದಾ ಅವನ ಮಣಿಕಟ್ಟು ಹಿಡಿದಳು. "ಅದಕ್ಕ ಕೈ ಹಚ್ಚಬ್ಯಾಡ. ಇದು ನಮ್ಮ ಗಡ್ಡಿ ಮೋಟರ. ಆ ದಾರ ನಮ್ಮವ್ವ ಕಟ್ಟ್ಯಾಳ. ಇದು ಇಲ್ಲದ್ದಕ್ಕ ಅಕಿ ಸತ್ಲು."

ಸಿದ್ದೇಶ ಬ್ಲೇಡು ಕೆಳಗಿಟ್ಟ. "ನನಗೇನೂ ಗೊತ್ತಿಲ್ರಿ ಅಕ್ಕಾರ. ಮಾವಾರು ಮಾರು ಅಂದ್ರು, ಮೊಬೈಲ್‌ನ್ಯಾಗ ಹಾಕಿದೆ."

"ನಿಮ್ಮ ಮಾವಗ ಫೋನ್ ಹಚ್ಚು. ನಮಗೂ ಕೇಳಲಿ."

ಅವನು ಹಚ್ಚಿದ. ಗಡ್ಡೆಯವರು ಬಂದಿದ್ದಾರೆ, ಗುರುತು ಹಿಡಿದಿದ್ದಾರೆ ಎಂದು ತೊದಲಿದ. ಆ ಕಡೆಯವನು ಏನೋ ಅಗಿಯುತ್ತಿದ್ದ. "ಅದಕ್ಕ ಯಾಕ ಗದ್ದಲ? ರೇಟ್ ಸ್ವಲ್ಪ ಕಮ್ಮಿ ಮಾಡಿ ಕೊಟ್ಟು ಕಳಸು," ಎಂದು ಫೋನಿಟ್ಟ.

ನಾಹೀದಾ ಮೋಟರಿನತ್ತ ತಿರುಗಿದಳು. "ತಾಹೇರ, ಬಿಚ್ಚು," ಎಂದಳಷ್ಟೇ. ಅಕ್ಕ ತಮ್ಮ ಇಬ್ಬರೂ ಮೋಟರು ಎತ್ತಿಕೊಂಡು ಹೊರಟರು. ಸಿದ್ದೇಶ ಬಾಗಿಲಿಗೆ ಅಡ್ಡ ಬಂದ.

"ಹಿಂಗ ಒಯ್ಯಾಕ ಬರಂಗಿಲ್ರಿ. ನಾನು ಪೊಲೀಸ್ರಿಗೆ ಫೋನ್ ಮಾಡ್ಬೇಕಾಗ್ತೈತಿ."

"ಮಾಡು. ಅವರು ಬರೂತನ ಇಲ್ಲೇ ಕುಂದರ್ತೀವಿ. ಈ ಮೋಟರ ನಿಮ್ಮ ಮನಿಗೆ ಹೆಂಗ ಬಂತು ಅನ್ನೂದನ್ನ ನೀನ ಹೇಳು, ನಾವು ಕೇಳ್ತೀವಿ."

ಅವನ ಹೆಬ್ಬೆರಳು ಮೊಬೈಲಿನ ಮೇಲೆ ನಿಂತೇ ಇತ್ತು, ಒತ್ತಲಿಲ್ಲ. ಆಮೇಲೆ ಅವನು ಪಕ್ಕಕ್ಕೆ ಸರಿದ.

ತಾಹೇರ ಗೂಡ್ಸ್ ಆಟೋ ಹೊರಡಿಸಿದ. ಅವರು ಅಳಿಸಿಹಾಕುವ ಮೊದಲು ಆ ಜಾಹೀರಾತನ್ನು ಉಳಿಸಿಕೊಳ್ಳಬೇಕೆಂದು ನಾಹೀದಾ ಮೊಬೈಲು ತೆರೆದಳು. ಆಗಲೇ ಅಳಿಸಿಬಿಟ್ಟಿದ್ದರು. ಅದರ ಜಾಗದಲ್ಲಿ 'ಇಂಥವೇ ಇನ್ನಷ್ಟು' ಎಂದು ಬೇರೆ ಸಾಮಾನುಗಳ ಚಿತ್ರಗಳು ಬಂದವು. ಒಂದು ಚಿತ್ರದಲ್ಲಿ, ಜೋಳದ ಚೀಲಗಳ ಪಕ್ಕ, ನೀರಿನಲ್ಲಿ ಮುಳುಗದಂತೆ ತೊಡುವ ಕಿತ್ತಳೆ ಬಣ್ಣದ ಜಾಕೆಟ್ಟುಗಳನ್ನು ಆಳೆತ್ತರ ಒಟ್ಟಿದ್ದರು. ಮೇಲಿನವು ಸಣ್ಣ ಮಕ್ಕಳ ಅಳತೆಯವು. ಕೆಳಗೆ ಬರೆದಿತ್ತು: ಹೊಚ್ಚ ಹೊಸವು, ಪ್ಲಾಸ್ಟಿಕ್ ಹರಿದಿಲ್ಲ, ಯಲಬುರ್ಗಾ.

"ಏನ್ ನೋಡಾಕತ್ತಿ ಆಪಾ?" ತಾಹೇರ ಕೇಳಿದ.

"ಇವು ಯಾ ಹೊಳಿ ಊರಿಗೆ ಬರಬೇಕಾಗಿದ್ವೋ ಏನೋ," ಎಂದಳು ನಾಹೀದಾ. "ಗಾಡಿ ಹೊಳ್ಳಸು. ಯಲಬುರ್ಗಿಗೆ ನಡಿ."