ಅತ್ತೆಯ ಮನೆಯಲ್ಲಿಟ್ಟ ಬ್ಯಾಕಪ್

ಹೆಣ್ಣು ಕೊಟ್ಟ ಅತ್ತೆಯ ಮೇಲೆ ಕಥೆ ಹೇಳುವುದು ಮರ್ಯಾದೆಯಲ್ಲ. ಹೇಳುತ್ತಿರುವುದಕ್ಕೆ ಮೊದಲೇ ಕ್ಷಮೆ ಇರಲಿ.

ವಾದಿರಾಜ ವರ್ಷಗಟ್ಟಲೆ ಕೂತು ವಿಡಿಯೊ ಗೇಮಿನಲ್ಲಿ ಒಂದು ಸಾಮ್ರಾಜ್ಯ ಕಟ್ಟಿದ್ದ. ಅದು ಅಳಿಸಿಹೋದೀತೆಂಬ ಭಯಕ್ಕೆ ಗೇಮ್ ಕನ್ಸೋಲಿನಲ್ಲಿದ್ದುದನ್ನೆಲ್ಲ ಎರಡು ಹಾರ್ಡ್ ಡಿಸ್ಕ್‌ಗಳಿಗೆ ಬ್ಯಾಕಪ್ ಮಾಡಿದ. ಎರಡೂ ಒಂದೇ ಕಡೆ ಇದ್ದರೆ ಕಳ್ಳ ಎರಡನ್ನೂ ಹೊತ್ತೊಯ್ದಾನೆಂದು, ಒಂದನ್ನು ಪಕ್ಕದ ಬಡಾವಣೆಯ ಅತ್ತೆಯ ಮನೆಯಲ್ಲಿಟ್ಟ.

ಮೊನ್ನೆ ಸಿಡಿಲು ಹೊಡೆದು ಕನ್ಸೋಲೂ ಅದಕ್ಕೆ ಸಿಕ್ಕಿಸಿದ್ದ ಡಿಸ್ಕೂ ಒಟ್ಟಿಗೆ ಸುಟ್ಟವು.

"ಹೋದ್ರೆ ಹೋಯ್ತು ಬಿಡ್ರೀ, ಮನೆ ಉಳೀತಲ್ಲ," ಎಂದಳು ಹೆಂಡತಿ.

"ನಿಮ್ಮಮ್ಮನ ಹತ್ರ ಇನ್ನೊಂದಿದೆ ಕಣೇ!" ಎಂದು ಹೆಮ್ಮೆಯಿಂದ ಸ್ಕೂಟರ್ ಹತ್ತಿದ.

ಅತ್ತೆ ಡಿಸ್ಕನ್ನು ರೇಷ್ಮೆ ವಸ್ತ್ರದಿಂದ ಬಿಚ್ಚಿ ಅವನ ಕೈಗಿಟ್ಟರು. ಆಯುಧಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿತ್ತು.

"ನೀರುಗೀರು ಬಿದ್ದಿಲ್ಲ ತಾನೇ, ಅತ್ತೆ?"

"ಛೆ ಛೆ, ದಿನಾ ಒಣ ಬಟ್ಟೇಲಿ ಒರೆಸ್ತೀನಿ."

ವಾದಿರಾಜನಿಗೆ ಹೋದ ಜೀವ ಬಂದಂತಾಯಿತು. "ದೊಡ್ಡ ಉಪಕಾರ ಮಾಡಿದ್ರಿ."

"ಉಪಕಾರ ನಿಮ್ದೇ ಅಳಿಯಂದ್ರೇ. ಇದನ್ನ ಟಿವಿಗೆ ಸಿಕ್ಕಿಸಿದ್ರೆ ಧಾರಾವಾಹಿ ತುಂಬ್ಕೊಳ್ಳುತ್ತೆ ಅಂತ ಎದುರುಮನೆಯೋರು ಹೇಳಿದ್ರು. ಮೊದಲು ಇರೋದನ್ನೆಲ್ಲ ಅಳಿಸ್ಲಾ ಅಂತ ಟಿವಿ ಕೇಳ್ತು, ಹೂಂ ಅಂತ ಒತ್ತಿದೆ. ಅವತ್ತಿಂದ ದಿನಾ ಸಂಜೆ ಸಿಕ್ಕಿಸ್ತೀನಿ, ಒಂದು ಕಂತೂ ತಪ್ಪಿಲ್ಲ ನೋಡಿ."

ವಾದಿರಾಜ ಡಿಸ್ಕನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ.

"ಕೊಡಿ ಇಲ್ಲಿ," ಎಂದು ಅತ್ತೆ ಡಿಸ್ಕನ್ನು ಮೆಲ್ಲಗೆ ವಾಪಸು ತೆಗೆದುಕೊಂಡರು. "ಹಾಗೆಲ್ಲ ಅಲ್ಲಾಡಿಸ್ಬೇಡಿ. ನಾನಿನ್ನೂ ನೋಡದೇ ಇರೋ ಕಂತುಗಳಿವೆ ಇದ್ರಲ್ಲಿ."